ಸ್ಯಾಂಟೊರಿನಿಯಲ್ಲಿ ಒಂದು ದಿನಕ್ಕೆ ಖಾಸಗಿ ಗೈಡ್: ಬುಕ್ಕಿಂಗ್‌ನಿಂದ ಡ್ರಾಪ್‌ವರೆಗೆ

ಗ್ರೀಸ್ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವ ಫೋಟೊ ಒಂದೇ. ಬಿಳಿ ಗೋಡೆ, ನೀಲಿ ಗುಮ್ಮಟ, ಕೆಳಗೆ ಸಮುದ್ರ. ಅದು ಸ್ಯಾಂಟೊರಿನಿ ದ್ವೀಪದ ಓಯಾ ಎಂಬ ಊರು. ಅಲ್ಲಿಗೆ ಹೋಗುವವರು ಒಂದು ದಿನಕ್ಕೆ ಕಾರು, ಡ್ರೈವರ್, ಗೈಡ್ ಎಲ್ಲ ಸೇರಿಸಿ ಖಾಸಗಿ ಟೂರ್ ಬುಕ್ ಮಾಡುವುದು ಈಗ ಮಾಮೂಲು. ಆದರೆ ಆ ದುಡ್ಡು ಯಾವುದಕ್ಕೆ ಹೋಗುತ್ತಿದೆ ಅಂತ ಯೋಚಿಸುವವರು ಕಮ್ಮಿ. ನೀಲಿ ಗುಮ್ಮಟದ ಮುಂದಿನ ಫೋಟೊ ಬಸ್ಸಲ್ಲಿ ಹೋದರೂ ಸಿಗುತ್ತದೆ. ಖಾಸಗಿ ಟೂರ್‌ನಲ್ಲಿ ನಿಜವಾಗಿ ಸಿಗುವುದು ಎರಡು. ಯಾವ ಜಾಗಕ್ಕೆ ಎಷ್ಟು ಹೊತ್ತಿಗೆ ಹೋಗಬೇಕು ಅನ್ನುವುದು ನಮ್ಮ ಕೈಯಲ್ಲಿರುತ್ತದೆ. ಮತ್ತೆ ಆಕ್ರೊತಿರಿ ಎಂಬ ಹಳೇ ಊರಿನ ಒಳಗೆ ವಿಷಯ ಗೊತ್ತಿರುವ ಒಬ್ಬರು ಜೊತೆಗೆ ನಡೆಯುತ್ತಾರೆ. ಇವೆರಡೂ ಸಿಗದಿದ್ದರೆ ಅದು ಸುಮ್ನೆ ದುಬಾರಿ ಟ್ಯಾಕ್ಸಿ ಅಷ್ಟೆ. ಈ ಬರಹ ಪೂರ್ತಿ ಇದರ ಸುತ್ತಲೇ ಇದೆ.

ನಿಮಗೆ ಇದು ಬೇಕಾ?

ಮೊದಲು ಇದನ್ನು ತೀರ್ಮಾನಿಸಿ. ದ್ವೀಪ ಚಿಕ್ಕದು, ಸುಮಾರು 76 ಚದರ ಕಿಲೋಮೀಟರ್. ಮುಖ್ಯ ಪಟ್ಟಣ ಫಿರಾ ನಡುವೆ ಇದೆ. ಓಯಾ ಉತ್ತರದ ತುದಿ, ಆಕ್ರೊತಿರಿ ದಕ್ಷಿಣದ ತುದಿ. ಫಿರಾದಿಂದ ಎರಡೂ ಹತ್ತು ಹನ್ನೆರಡು ಕಿಲೋಮೀಟರ್ ದೂರ. ಸರ್ಕಾರಿ ಬಸ್ಸಿನ ಥರ ಓಡುವ ಕೆಟೆಲ್ ಬಸ್ಸುಗಳಿವೆ, ಟಿಕೆಟ್ ಅಗ್ಗ. ಆದರೆ ಎಲ್ಲ ಬಸ್ಸೂ ಫಿರಾದಿಂದಲೇ ಹೊರಡುತ್ತವೆ. ಆಕ್ರೊತಿರಿಯಿಂದ ಓಯಾಗೆ ಹೋಗಬೇಕು ಅಂದರೆ ಫಿರಾಗೆ ಬಂದು ಇಳಿದು ಮತ್ತೊಂದು ಬಸ್ ಹಿಡಿಯಬೇಕು. ಟ್ಯಾಕ್ಸಿಗಳು ಬಹಳ ಕಮ್ಮಿ. ರಸ್ತೆಯಲ್ಲಿ ನಿಂತು ಕೈ ತೋರಿಸಿದರೆ ಸಿಗುತ್ತದೆ ಅಂತ ನಂಬಬೇಡಿ.

ಮೂರು ನಾಲ್ಕು ದಿನ ಇರುವ, ನಡೆಯಲು ಉತ್ಸಾಹ ಇರುವ ಇಬ್ಬರಿಗೆ ಖಾಸಗಿ ಟೂರ್ ಖಂಡಿತ ಬೇಕು ಅಂತೇನಿಲ್ಲ. ಬಸ್ಸು, ಕಾಲ್ನಡಿಗೆ, ಆಕ್ರೊತಿರಿಗೆ ಮಾತ್ರ ಎರಡು ಗಂಟೆ ಗೈಡ್ ಇದ್ದರೆ ಸಾಕು. ಅಪ್ಪ ಅಮ್ಮನನ್ನೋ ಸಣ್ಣ ಮಕ್ಕಳನ್ನೋ ಕರೆದುಕೊಂಡು ಹೋಗುವವರಿಗೆ, ನಾಲ್ಕರಿಂದ ಆರು ಜನ ಇರುವವರಿಗೆ, ದ್ವೀಪದಲ್ಲಿ ಒಂದೇ ದಿನ ಇರುವವರಿಗೆ ಇದು ಚೆನ್ನಾಗಿ ಒದಗುತ್ತದೆ. ದರವನ್ನು ಸಾಮಾನ್ಯವಾಗಿ ಇಡೀ ವಾಹನಕ್ಕೆ ಹೇಳುವುದರಿಂದ ಜನ ಜಾಸ್ತಿಯಾದಷ್ಟೂ ತಲೆಗೆ ಬೀಳುವ ಖರ್ಚು ಇಳಿಯುತ್ತದೆ.

ತಿಂಗಳು ನೋಡಿ ಆಮೇಲೆ ಟಿಕೆಟ್

ನಮ್ಮಲ್ಲಿ ಮದುವೆ ಜಾಸ್ತಿ ನವೆಂಬರ್‌ನಿಂದ ಫೆಬ್ರವರಿಯ ನಡುವೆ. ಸ್ಯಾಂಟೊರಿನಿ ಬಾಗಿಲು ಹಾಕಿಕೊಳ್ಳುವುದೂ ಅದೇ ಕಾಲದಲ್ಲಿ. ಹೋಟೆಲ್, ಅಂಗಡಿ, ಊಟದ ಜಾಗ ಬಹಳಷ್ಟು ಮುಚ್ಚಿರುತ್ತವೆ. ಗಾಳಿ, ಮಳೆ ಬೇರೆ. ಜನವರಿಯಲ್ಲಿ ಹನಿಮೂನ್‌ಗೆ ಹೋಗಿ ಫೋಟೊದಲ್ಲಿ ಕಂಡ ಊರು ಎಲ್ಲಿ ಅಂತ ಹುಡುಕುವ ಪಾಡು ಬೇಡ.

ಜುಲೈ, ಆಗಸ್ಟ್ ಇನ್ನೊಂದು ತುದಿ. ಬಿಸಿಲು, ಜನಜಂಗುಳಿ, ಜೊತೆಗೆ ಮೆಲ್ತೆಮಿ ಎಂಬ ಜೋರು ಬಡಗಣ ಗಾಳಿ. ಅದು ಬೀಸಿದರೆ ದೋಣಿ, ಫೆರಿಗಳ ವೇಳೆ ಏರುಪೇರಾಗುತ್ತದೆ.

ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ, ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್‌ವರೆಗೆ ಒಳ್ಳೆ ಕಾಲ. ನಮ್ಮ ಮಕ್ಕಳ ಬೇಸಿಗೆ ರಜೆ ಇದಕ್ಕೆ ಸರಿಯಾಗಿ ಕೂಡಿಬರುತ್ತದೆ, ಅಲ್ವಾ? ಗ್ರೀಕರ ಈಸ್ಟರ್ ಹಬ್ಬವೂ ಆಗಲೇ ಬರುತ್ತದೆ. ಅವರ ಪಂಚಾಂಗ ಬೇರೆ, ದಿನ ಪ್ರತಿವರ್ಷ ಬದಲಾಗುತ್ತದೆ. 2027ರಲ್ಲಿ ಮೇ 2ಕ್ಕೆ ಬಿದ್ದಿದೆ. ಅದರ ಹಿಂದಿನ ಶುಕ್ರವಾರ ರಾತ್ರಿ ಪಿರ್ಗೊಸ್ ಎಂಬ ಗುಡ್ಡದ ಊರಿನ ಮಾಡು, ಗೋಡೆ, ಓಣಿ ಎಲ್ಲೆಲ್ಲೂ ಸಾವಿರಾರು ಡಬ್ಬಿ ದೀಪ ಹಚ್ಚಿಡುತ್ತಾರೆ. ಆ ವಾರ ಹೋಗುವುದಾದರೆ ಟೂರನ್ನು ಆ ಸಂಜೆ ಪಿರ್ಗೊಸ್‌ನಲ್ಲಿ ಮುಗಿಯುವಂತೆ ಇಟ್ಟುಕೊಳ್ಳಿ. ಹಬ್ಬದ ದಿನಗಳಲ್ಲಿ ಮ್ಯೂಸಿಯಂಗಳ ವೇಳೆ ಬೇರೆಯಾಗಿರುತ್ತದೆ, ಅದನ್ನೂ ವಿಚಾರಿಸಿ.

ವೀಸಾ ವಿಷಯ ಚುಟುಕಾಗಿ. ಭಾರತದ ಪಾಸ್‌ಪೋರ್ಟ್ ಇದ್ದರೆ, ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಶೆಂಗೆನ್ ವೀಸಾ ಬೇಕು. ದೊಡ್ಡವರಿಗೆ ಶುಲ್ಕ 90 ಯೂರೊ, ಸೇವಾ ಕೇಂದ್ರದ ಶುಲ್ಕ ಬೇರೆ. 30,000 ಯೂರೊ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಪ್ರಯಾಣಕ್ಕೆ ಆರು ತಿಂಗಳ ಮುಂಚೆಯೇ ಅರ್ಜಿ ಹಾಕಬಹುದು. ಬೇಸಿಗೆಗೆ ಹೋಗುವವರು ಬೇಗ ಹಾಕಿ, ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ವೀಸಾ ಕೈಗೆ ಬರುವ ತನಕ ಟೂರ್‌ಗೆ ಪೂರ್ತಿ ದುಡ್ಡು ಕಟ್ಟಬೇಡಿ. ರದ್ದು ಮಾಡಿದರೆ ವಾಪಸ್ ಕೊಡುವ ಬುಕ್ಕಿಂಗ್ ಮಾತ್ರ ಮಾಡಿ.

ಡ್ರೈವರ್ ಬೇರೆ, ಗೈಡ್ ಬೇರೆ

ಜಾಸ್ತಿ ಜನ ಎಡವುವುದು ಇಲ್ಲೇ. ಜಾಹೀರಾತಿನಲ್ಲಿ ಖಾಸಗಿ ಟೂರ್ ಅಂತ ಇರುತ್ತದೆ, ಕೆಳಗೆ ಇಂಗ್ಲಿಷ್ ಮಾತಾಡುವ ಡ್ರೈವರ್ ಅಂತ ಸಣ್ಣದಾಗಿ ಬರೆದಿರುತ್ತದೆ. ಆ ಡ್ರೈವರ್ ಒಳ್ಳೆಯವರೇ ಇರಬಹುದು. ದ್ವೀಪದಲ್ಲೇ ಹುಟ್ಟಿ ಬೆಳೆದು ದಾರಿಯುದ್ದಕ್ಕೂ ಕಥೆ ಹೇಳಬಹುದು. ಆದರೆ ಪುರಾತತ್ವ ಜಾಗಗಳ ಒಳಗೆ ಮತ್ತು ಮ್ಯೂಸಿಯಂಗಳಲ್ಲಿ ವಿವರಣೆ ಕೊಡಲು ಗ್ರೀಸ್‌ನಲ್ಲಿ ಪರವಾನಗಿ ಪಡೆದ ಗೈಡ್‌ಗಳಿಗೆ ಮಾತ್ರ ಅವಕಾಶ. ಇದಕ್ಕೆಂದೇ ಸರ್ಕಾರಿ ಶಿಕ್ಷಣ ಇದೆ. ಇತಿಹಾಸ, ಪುರಾತತ್ವ ಓದಿ ಬಂದವರಿಗೆ ಗುರುತಿನ ಚೀಟಿ ಕೊಡುತ್ತಾರೆ. ಬರೀ ಡ್ರೈವರ್ ಇದ್ದರೆ ಅವರು ಆಕ್ರೊತಿರಿ ಗೇಟ್ ಹತ್ತಿರ ನಿಮ್ಮನ್ನು ಇಳಿಸಿ, "ನೋಡಿಕೊಂಡು ಬನ್ನಿ, ಪಾರ್ಕಿಂಗ್‌ನಲ್ಲಿ ಇರ್ತೀನಿ" ಅನ್ನುತ್ತಾರೆ. ಒಳಗೆ ಹೋದವರಿಗೆ ಕಾಣುವುದು ಮಣ್ಣು ಬಣ್ಣದ ಗೋಡೆಗಳು. ಹತ್ತೇ ನಿಮಿಷದಲ್ಲಿ ಆಚೆ ಬಂದುಬಿಡುತ್ತಾರೆ.

ಹಾಗಾಗಿ ಎರಡು ದಾರಿ ಇದೆ. ಇಡೀ ದಿನ ಜೊತೆಗಿರುವ ಪರವಾನಗಿ ಗೈಡ್ ಮತ್ತು ಬೇರೆ ಡ್ರೈವರ್. ಇದು ದುಬಾರಿ. ಇಲ್ಲದಿದ್ದರೆ ದಿನಕ್ಕೆ ಡ್ರೈವರ್, ಆಕ್ರೊತಿರಿ ಮತ್ತು ಫಿರಾದ ಮ್ಯೂಸಿಯಂಗೆ ಮಾತ್ರ ಪರವಾನಗಿ ಗೈಡ್. ನನ್ನ ಮತ ಎರಡನೆಯದಕ್ಕೆ. ಹಳ್ಳಿ ಸುತ್ತಲು, ದ್ರಾಕ್ಷಿ ತೋಟ ನೋಡಲು ಊರಿನ ಡ್ರೈವರ್ ಧಾರಾಳವಾಗಿ ಸಾಕು. ಎಷ್ಟೋ ಸಲ ಗೈಡ್‌ಗಿಂತ ಅವರ ಮಾತೇ ರುಚಿ. ಇದನ್ನು ಏಜೆನ್ಸಿಯೇ ಹೊಂದಿಸಿಕೊಡುತ್ತದೆ, ನೀವು ಬಾಯಿಬಿಟ್ಟು ಕೇಳಬೇಕು ಅಷ್ಟೆ.

ಬುಕ್ ಮಾಡುವ ಮುಂಚೆ ಕಳಿಸಬೇಕಾದ ಮೆಸೇಜ್

ಎರಡು ಮೂರು ಕಡೆ ಒಂದೇ ಮೆಸೇಜ್ ಕಳಿಸಿ. ಉತ್ತರ ಬರುವ ರೀತಿಯಲ್ಲೇ ಯಾರು ಹೇಗೆ ಅಂತ ಅರ್ಧ ಗೊತ್ತಾಗುತ್ತದೆ. ಕೇಳಬೇಕಾದ್ದು ಇಷ್ಟು:

- ದರ ವಾಹನಕ್ಕಾ, ತಲೆಗಾ? ತೆರಿಗೆ ಸೇರಿದೆಯಾ?
- ಗೈಡ್‌ಗೆ ಪರವಾನಗಿ ಇದೆಯಾ? ಆಕ್ರೊತಿರಿಯ ಒಳಗೆ ಜೊತೆಗೆ ಬರುತ್ತಾರಾ?
- ಪ್ರವೇಶ ಟಿಕೆಟ್, ಊಟ, ವೈನ್ ರುಚಿ ನೋಡುವ ಖರ್ಚು ಸೇರಿದೆಯಾ? (ಸಾಮಾನ್ಯವಾಗಿ ಸೇರಿರುವುದಿಲ್ಲ.)
- ಎಷ್ಟು ಗಂಟೆ? ಹೋಟೆಲ್ ಬಾಗಿಲಿನಿಂದ ಲೆಕ್ಕವಾ, ಮೊದಲ ಜಾಗದಿಂದ ಲೆಕ್ಕವಾ? ಹೆಚ್ಚಾದರೆ ಗಂಟೆಗೆ ಎಷ್ಟು?
- ಜಾಗಗಳ ಕ್ರಮ ನಾವು ಬದಲಾಯಿಸಬಹುದಾ?
- ಮಗುವಿಗೆ ಕಾರ್ ಸೀಟ್ ಇದೆಯಾ?
- ಗಾಳಿ, ಮುಷ್ಕರ, ಹಡಗು ಬಾರದಿರುವುದು ಇಂಥ ಕಾರಣಕ್ಕೆ ರದ್ದಾದರೆ ದುಡ್ಡು ವಾಪಸ್ ಬರುತ್ತದಾ?

ಕ್ರಮ ಬದಲಾಯಿಸುವ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. "ನಮ್ಮದು ಇದೇ ರೂಟ್" ಅಂತ ಉತ್ತರ ಬಂದರೆ ಅಲ್ಲಿಗೆ ಬಿಡಿ. ಗ್ರೀಸ್‌ನ ಪ್ರವಾಸ ಏಜೆನ್ಸಿಗಳಿಗೆ ಎಂಎಚ್‌ಟಿಇ ಎಂಬ ನೋಂದಣಿ ಸಂಖ್ಯೆ ಇರುತ್ತದೆ, ವೆಬ್‌ಸೈಟಿನ ಕೊನೆಯಲ್ಲಿ ಹಾಕಿರುತ್ತಾರೆ. ಅದೂ ಇಲ್ಲ, ವಿಳಾಸವೂ ಇಲ್ಲ, ಬರೀ ವಾಟ್ಸಾಪ್ ನಂಬರ್ ಮಾತ್ರ ಅಂದರೆ ಮುಂಗಡ ಕೊಡಬೇಡಿ.

ಇನ್ನೊಂದು ಸಣ್ಣ ವಿಷಯ. ಸಮುದ್ರದ ಕಡಿದಾದ ಅಂಚಿನ ಮೇಲಿರುವ ಊರುಗಳಲ್ಲಿ ಹೋಟೆಲ್ ಬಾಗಿಲವರೆಗೆ ವಾಹನ ಬರುವುದಿಲ್ಲ. ಬರೀ ಮೆಟ್ಟಿಲು, ಓಣಿ. ಡ್ರೈವರ್ ಎಲ್ಲಿ ನಿಲ್ಲುತ್ತಾರೆ ಅಂತ ಮ್ಯಾಪ್‌ನಲ್ಲಿ ಪಿನ್ ಹಾಕಿಸಿಕೊಳ್ಳಿ. ಅಲ್ಲಿಂದ ಹೋಟೆಲ್‌ಗೆ ಎಷ್ಟು ಮೆಟ್ಟಿಲು ಅಂತ ಹೋಟೆಲಿನವರನ್ನೇ ಕೇಳಿ. ಮಂಡಿನೋವಿನ ಅಮ್ಮನಿಗೆ ಆ ಲೆಕ್ಕ ಬೇಕಾಗುತ್ತದೆ.

ಬೆಳಗ್ಗೆ: ಆಕ್ರೊತಿರಿ ಮೊದಲು

ಬಾಗಿಲು ತೆಗೆಯುವ ಹೊತ್ತಿಗೆ ಗೇಟ್ ಹತ್ತಿರ ಇರಿ. ಟಿಕೆಟ್ ಹಿಂದಿನ ದಿನವೇ ಸರ್ಕಾರಿ ಇ-ಟಿಕೆಟ್ ತಾಣದಲ್ಲಿ ತೆಗೆದುಕೊಳ್ಳಿ. ಅಲ್ಲೇ ಆ ದಿನದ ವೇಳೆಯನ್ನೂ ನೋಡಿಕೊಳ್ಳಿ, ಋತುವಿಗೆ ತಕ್ಕಂತೆ ಬದಲಾಗುತ್ತಿರುತ್ತದೆ. ಕ್ರೂಸ್ ಹಡಗಿನವರನ್ನು ತುಂಬಿಕೊಂಡ ಬಸ್ಸುಗಳು ಬಂದಮೇಲೆ ಒಳಗಿನ ನಡೆದಾರಿ ತುಂಬಿಬಿಡುತ್ತದೆ, ಗೈಡ್ ಮಾತು ಕಿವಿಗೆ ಬೀಳುವುದಿಲ್ಲ.

ಇದು ಸುಮಾರು 3,600 ವರ್ಷಗಳ ಹಿಂದೆ ಜ್ವಾಲಾಮುಖಿಯ ಬೂದಿಯಲ್ಲಿ ಮುಚ್ಚಿಹೋದ ಊರು. ಈಗ ನಾವು ನೋಡುವ ಸ್ಯಾಂಟೊರಿನಿಯ ಅರ್ಧಚಂದ್ರದ ಆಕಾರಕ್ಕೆ ಆ ಸ್ಫೋಟ ದೊಡ್ಡ ಕಾರಣ. ದ್ವೀಪದ ನಡುಭಾಗ ಕುಸಿದು ಸಮುದ್ರ ಒಳಗೆ ನುಗ್ಗಿತು. ಆ ಕುಳಿಯನ್ನೇ ಕಾಲ್ಡೆರಾ ಅನ್ನುವುದು. ಅದರ ಗೋಡೆಗಳು ನೀರಿನಿಂದ ಸುಮಾರು 300 ಮೀಟರ್ ಎತ್ತರ. ಬೂದಿಯ ಕೆಳಗೆ ಊರುಗಳಿವೆ ಅನ್ನುವ ಸುಳಿವು ಸಿಕ್ಕಿದ್ದು ಒಂದು ರೀತಿ ಈಜಿಪ್ಟ್ ದೆಸೆಯಿಂದ. 1860ರ ದಶಕದಲ್ಲಿ ಸೂಯೆಜ್ ಕಾಲುವೆಯ ಕೆಲಸಕ್ಕೆ ಇಲ್ಲಿನ ಬೂದಿಯನ್ನು ಸಿಮೆಂಟಿಗೆಂದು ಅಗೆದು ಸಾಗಿಸುತ್ತಿದ್ದರು. ಎದುರಿನ ಥಿರಾಸಿಯಾ ದ್ವೀಪದಲ್ಲಿ ಹಾಗೆ ಅಗೆಯುವಾಗ ಹಳೆ ಗೋಡೆಗಳು ಕಂಡವು. ಆಕ್ರೊತಿರಿಯಲ್ಲಿ ದೊಡ್ಡ ಮಟ್ಟದ ಉತ್ಖನನ ಶುರು ಮಾಡಿದ್ದು ಸ್ಪಿರಿಡಾನ್ ಮರಿನಾತೊಸ್, 1967ರಲ್ಲಿ. ಇವತ್ತಿಗೂ ಅಗೆದಿರುವುದು ಊರಿನ ಸಣ್ಣ ಪಾಲು ಮಾತ್ರ.

ಗೈಡ್ ಜೊತೆಗಿದ್ದರೆ ಇವನ್ನು ತೋರಿಸಿ ಅಂತ ಕೇಳಿ. ಎರಡು ಮೂರು ಅಂತಸ್ತಿನ ಮನೆಗಳು. ಬೀದಿಯ ಕಲ್ಲುಹಾಸಿನ ಕೆಳಗೆ ಹರಿಯುತ್ತಿದ್ದ ಚರಂಡಿ, ಮೇಲಿನ ಅಂತಸ್ತಿನ ಶೌಚದಿಂದ ಅದಕ್ಕೆ ಇಳಿಯುವ ಮಣ್ಣಿನ ಕೊಳವೆ. ದವಸ, ಎಣ್ಣೆ ತುಂಬಿಡುತ್ತಿದ್ದ ಆಳೆತ್ತರದ ಗುಡಾಣಗಳು. ಜ್ವಾಲಾಮುಖಿಯಲ್ಲೇ ಹೂತುಹೋದ ಇಟಲಿಯ ಪಾಂಪೆಯಲ್ಲಿ ಸಿಕ್ಕಂತೆ ಸತ್ತವರ ದೇಹಗಳು ಇಲ್ಲಿ ಸಿಕ್ಕಿಲ್ಲ. ಮುಂಚೆ ಆದ ಭೂಕಂಪಗಳಿಂದ ಎಚ್ಚೆತ್ತು ಜನ ಊರು ಬಿಟ್ಟಿದ್ದರು ಅಂತ ಪುರಾತತ್ವದವರು ಹೇಳುತ್ತಾರೆ. ಬಿಟ್ಟು ಎಲ್ಲಿಗೆ ಹೋದರು ಅನ್ನುವುದನ್ನು ಗೈಡ್‌ಗೆ ಕೇಳಿ ನೋಡಿ. ಒಬ್ಬೊಬ್ಬರು ಒಂದೊಂದು ವಾದ ಹೇಳುತ್ತಾರೆ. ಆ ಚರ್ಚೆಯೇ ಕೊಟ್ಟ ದುಡ್ಡಿಗೆ ಮೋಸ ಇಲ್ಲ ಅನ್ನಿಸುತ್ತದೆ.

ಪೂರ್ತಿ ಜಾಗಕ್ಕೆ ಮೇಲ್ಛಾವಣಿ ಇದೆ. 2005ರಲ್ಲಿ ಆಗಿನ ಛಾವಣಿಯ ಒಂದು ಭಾಗ ಕುಸಿದು ಒಬ್ಬ ಪ್ರವಾಸಿ ತೀರಿಕೊಂಡಿದ್ದರು. ಆಮೇಲೆ ಏಳು ವರ್ಷ ಬಾಗಿಲು ಹಾಕಿ, ಸರಿಪಡಿಸಿ 2012ರಲ್ಲಿ ತೆರೆದರು. ನೆರಳು ಇರುವುದರಿಂದ ಹಿರಿಯರಿಗೂ ಆರಾಮ. ಒಂದೂವರೆ ಗಂಟೆ ಇಟ್ಟುಕೊಳ್ಳಿ.

ಪಕ್ಕದಲ್ಲೇ ಕೆಂಪು ಬೀಚ್ ಇದೆ. ಕೆಂಪು ಬಂಡೆ ಉದುರುವ ಜಾಗ, ಎಚ್ಚರಿಕೆಯ ಬೋರ್ಡೂ ಇದೆ. ಮೇಲಿನಿಂದ ನೋಡಿ, ಫೋಟೊ ತೆಗೆದು ವಾಪಸ್ ಬನ್ನಿ. ಬೇರೆಯವರು ಇಳಿಯುತ್ತಿದ್ದಾರೆ ಅಂತ ನೀವೂ ಇಳಿಯಬೇಡಿ.

ಅಲ್ಲಿಂದ ಫಿರಾದ ಮ್ಯೂಸಿಯಂ, ನಮ್ಮ ಮುಸುವನನ್ನು ನೋಡಲು

ಆಕ್ರೊತಿರಿಯ ಮನೆಗಳ ಗೋಡೆ ತುಂಬ ಚಿತ್ರಗಳಿದ್ದವು. ಅವು ಈಗ ಅಲ್ಲಿಲ್ಲ. ಬಾಕ್ಸಿಂಗ್ ಆಡುವ ಹುಡುಗರು, ಜಿಂಕೆಗಳು, ವಸಂತದ ಚಿತ್ರ ಅಥೆನ್ಸ್‌ನ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂನಲ್ಲಿವೆ. ಕೆಲವು ಫಿರಾದಲ್ಲೇ, ಪ್ರಾಗೈತಿಹಾಸಿಕ ಥಿರಾ ಮ್ಯೂಸಿಯಂನಲ್ಲಿವೆ (ಥಿರಾ ಅಂದರೆ ಸ್ಯಾಂಟೊರಿನಿಯದೇ ಇನ್ನೊಂದು ಹೆಸರು). ಆಕ್ರೊತಿರಿ ನೋಡಿ ಇದನ್ನು ಬಿಟ್ಟರೆ ಅರ್ಧ ನೋಡಿದ ಹಾಗೆ.

ಇಲ್ಲಿ ಬಂಡೆ ಹತ್ತುವ ನೀಲಿ ಕೋತಿಗಳ ಚಿತ್ರ ಇದೆ. ಗ್ರೀಸ್‌ನಲ್ಲಿ ಕೋತಿಗಳೇ ಇರಲಿಲ್ಲ. ಹಾಗಾದರೆ ಚಿತ್ರಕಾರ ಯಾವ ಕೋತಿ ನೋಡಿದ? ಆಫ್ರಿಕದ್ದು ಅಂತ ಬಹಳ ಕಾಲ ನಂಬಿದ್ದರು. 2019ರ ಕೊನೆಗೆ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೋತಿ ತಜ್ಞರೂ ಪುರಾತತ್ವದವರೂ ಸೇರಿ, ಬಾಲ ಎತ್ತಿಕೊಂಡು ಓಡಾಡುವ ಆ ಭಂಗಿ ಭಾರತ ಉಪಖಂಡದ ಲಂಗೂರ್‌ದು, ಅಂದರೆ ನಮ್ಮ ಮುಸುವನದು ಅಂದರು. ಎಲ್ಲರೂ ಒಪ್ಪಿಲ್ಲ. ಆದರೆ ಹಂಪಿಯ ಬಂಡೆಗಳ ಮೇಲೆ ಮುಸುವ ನೋಡಿ ಬೆಳೆದವರು ಆ ಬಾಲ ನೋಡಿ ತಾವೇ ತೀರ್ಪು ಕೊಡಬಹುದು. 1999ರಲ್ಲಿ ಸಿಕ್ಕ ಪುಟ್ಟ ಚಿನ್ನದ ಕಾಡುಮೇಕೆಯೂ ಇಲ್ಲೇ ಇದೆ. ಮ್ಯೂಸಿಯಂ ಚಿಕ್ಕದು, ಮುಕ್ಕಾಲು ಗಂಟೆ ಸಾಕು. ವಾರದ ರಜೆ ಇರುತ್ತದೆ, ಟೂರ್ ದಿನ ಗೊತ್ತು ಮಾಡುವ ಮುಂಚೆ ನೋಡಿಕೊಳ್ಳಿ. ಗೈಡ್‌ನ ಕೆಲಸ ಇಲ್ಲಿಗೆ ಮುಗಿಯಿತು. ಇಲ್ಲೇ ಬೀಳ್ಕೊಡಬಹುದು.

ಮಧ್ಯಾಹ್ನ: ಒಳಗಿನ ಹಳ್ಳಿಗಳು

ಬಿಸಿಲು ಏರಿದ ಮೇಲೆ ಅಂಚಿನ ಊರುಗಳಲ್ಲಿ ನಿಲ್ಲಲಾಗುವುದಿಲ್ಲ. ಡ್ರೈವರ್‌ಗೆ ಒಳಗಿನ ಹಳ್ಳಿಗಳಿಗೆ ನಡೆಯಿರಿ ಅನ್ನಿ. ಮೆಗಲೊಹೊರಿಯಲ್ಲಿ ಓಣಿಯ ಮೇಲೇ ಕಮಾನು ಕಟ್ಟಿ ಗಂಟೆಗೋಪುರ ನಿಲ್ಲಿಸಿದ್ದಾರೆ, ಅದರ ಕೆಳಗೆ ನಡೆದು ಹೋಗಬಹುದು. ಎಂಪೊರಿಯೊದಲ್ಲಿ ಕಡಲುಗಳ್ಳರ ಕಾಟಕ್ಕೆ ಹೆದರಿ ಮನೆಗೆ ಮನೆ ಅಂಟಿಸಿ ಕೋಟೆಯಂತೆ ಕಟ್ಟಿಕೊಂಡ ಹಳೇ ಕೇರಿ ಇದೆ. ಹೊರಗಿನ ಸಾಲುಮನೆಗಳ ಹಿಂಗೋಡೆಯೇ ಕೋಟೆ ಗೋಡೆ. ಫೋಟೊ ತೆಗೆಯುವವರ ಕಾಟ ಇಲ್ಲಿ ಕಮ್ಮಿ. ಜನ ವಾಸವಿರುವ ಮನೆಗಳು, ಮಧ್ಯಾಹ್ನ ಎರಡರಿಂದ ಐದರವರೆಗೆ ಅವರು ಮಲಗುವ ಹೊತ್ತು. ಮೆಲ್ಲಗೆ ಮಾತಾಡಿ.

ದ್ವೀಪದಲ್ಲಿ ಹೊಳೆ ಇಲ್ಲ, ಮಳೆ ಕಮ್ಮಿ. ಹಳೇ ಮನೆಗಳ ಮಾಡು, ಅಂಗಳದಿಂದ ಮಳೆನೀರು ನೆಲದಡಿಯ ತೊಟ್ಟಿಗೆ ಇಳಿಯುವಂತೆ ಕಟ್ಟಿದ್ದಾರೆ. ಮೆತ್ತನೆ ಬೂದಿಗಲ್ಲನ್ನು ಕೊರೆದು ಮಾಡಿದ ಗುಹೆಮನೆಗಳೂ ಇವೆ. ಇವತ್ತು ಒಂದು ರಾತ್ರಿಗೆ ನೂರಾರು ಯೂರೊ ಕೇಳುವ ಗುಹೆ ಹೋಟೆಲ್‌ಗಳಲ್ಲಿ ಎಷ್ಟೋ ಒಂದು ಕಾಲಕ್ಕೆ ಬಡವರ ಮನೆಗಳು. 1956ರ ಜುಲೈ 9ರಂದು ಆದ ದೊಡ್ಡ ಭೂಕಂಪದಲ್ಲಿ 50ಕ್ಕೂ ಹೆಚ್ಚು ಜನ ಸತ್ತು, ಮನೆಗಳು ಉರುಳಿ, ಬಹಳ ಜನ ದ್ವೀಪವನ್ನೇ ಬಿಟ್ಟರು. 2025ರ ಫೆಬ್ರವರಿಯಲ್ಲೂ ಸಾವಿರಾರು ಸಣ್ಣಪುಟ್ಟ ಕಂಪನಗಳಾಗಿ ಜನ ಫೆರಿ, ವಿಮಾನ ಹತ್ತಿ ಹೊರಟಿದ್ದರು. ಡ್ರೈವರ್ ಈ ಊರಿನವರೇ ಆದರೆ ಆ ದಿನಗಳ ಬಗ್ಗೆ ಕೇಳಿ. ಯಾವ ಬ್ರೋಷರ್‌ನಲ್ಲೂ ಸಿಗದ ಮಾತು ಸಿಗುತ್ತದೆ.

ದಾರಿಯಲ್ಲಿ ದ್ರಾಕ್ಷಿ ತೋಟಗಳ ಹತ್ತಿರ ಕಾರು ನಿಲ್ಲಿಸಲು ಹೇಳಿ. ನಮ್ಮ ವಿಜಯಪುರದಂತೆ ಚಪ್ಪರ ಹುಡುಕಿದರೆ ಕಾಣುವುದಿಲ್ಲ. ಜೋರು ಗಾಳಿಗೆ ಬಳ್ಳಿ ತಡೆಯಲಿ ಅಂತ ಅದನ್ನು ನೆಲದ ಮೇಲೇ ಸುತ್ತಿ ಸುತ್ತಿ, ತಲೆಹೊರೆಗೆ ಇಡುವ ಸಿಂಬೆಯಂತೆ ಮಾಡಿರುತ್ತಾರೆ. ಹಣ್ಣು ಆ ಸುತ್ತಿನ ಒಳಗೆ ಬೆಳೆಯುತ್ತದೆ. ನೀರುಣಿಸುವುದು ಅಪರೂಪ, ಸಮುದ್ರದಿಂದ ಬರುವ ಮಂಜಿನ ತೇವವನ್ನು ಬೂದಿಮಣ್ಣು ಹಿಡಿದಿಟ್ಟುಕೊಳ್ಳುತ್ತದೆ. ಅಸಿರ್ತಿಕೊ ಇಲ್ಲಿನ ಮುಖ್ಯ ತಳಿ. ಹಣ್ಣನ್ನು ಬಿಸಿಲಿಗೆ ಒಣಗಿಸಿ ಮಾಡುವ ಸಿಹಿ ವೈನ್‌ಗೆ ವಿನ್‌ಸಾಂತೊ ಅನ್ನುತ್ತಾರೆ. ಕುಡಿಯದವರು ವೈನರಿಯನ್ನು ಪಟ್ಟಿಯಿಂದ ತೆಗೆಸಿ, ಆ ಒಂದು ಗಂಟೆಯನ್ನು ಊಟಕ್ಕೋ ಪೆರಿಸ್ಸಾದ ಕಪ್ಪು ಮರಳಿನ ಬೀಚಿಗೋ ಇಟ್ಟುಕೊಳ್ಳಿ. ಪ್ಯಾಕೇಜಿನಲ್ಲಿದೆ ಅಂತ ಸುಮ್ಮನೆ ಹೋಗಿ ಕೂರಬೇಕಾಗಿಲ್ಲ.

ಊಟ

ಸಸ್ಯಾಹಾರಿಗಳಿಗೆ ಸ್ಯಾಂಟೊರಿನಿ ಕಷ್ಟದ ಜಾಗವೇ ಅಲ್ಲ. ಇಲ್ಲಿನ ಹೆಸರಾದ ಅಡುಗೆಗಳೇ ಹೆಚ್ಚಾಗಿ ಸಸ್ಯಾಹಾರ. ಫಾವಾ ಅಂದರೆ ಹಳದಿ ಬೇಳೆಯನ್ನು ಗಟ್ಟಿಯಾಗಿ ಬೇಯಿಸಿ, ಕಡೆದು, ಆಲಿವ್ ಎಣ್ಣೆ, ಈರುಳ್ಳಿ ಹಾಕಿದ್ದು. ತೊಮತೊಕೆಫ್ತೆದೆಸ್ ಅಂದರೆ ಇಲ್ಲಿನ ಪುಟ್ಟ ಟೊಮೆಟೊದ ಕರಿದ ವಡೆ. ಬಿಳಿ ಬದನೆಕಾಯಿ ಇದೆ, ಫೇಟಾ ಎಂಬ ಚೀಸ್ ಹಾಕಿದ ಸಲಾಡ್ ಇದೆ. ಫಾವಾ ಮೇಲೆ ಕೆಲವೆಡೆ ಆಕ್ಟೋಪಸ್ ತುಂಡು ಇಡುತ್ತಾರೆ, ದ್ರಾಕ್ಷಿ ಎಲೆಯ ದೊಲ್ಮಾದೆಸ್ ಒಳಗೆ ಕೈಮಾ ಇರಬಹುದು. ಕೇಳಿಯೇ ಆರ್ಡರ್ ಮಾಡಿ.

ಒಂದು ಉಪಾಯ: "ನಿಸ್ತಿಸಿಮೊ" ಇದೆಯಾ ಅಂತ ಕೇಳಿ. ಅವರ ಚರ್ಚಿನ ಉಪವಾಸದ ಅಡುಗೆ ಅದು. ಮಾಂಸ, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಆದರೆ ಸಿಗಡಿ, ಆಕ್ಟೋಪಸ್ ಅವರ ಉಪವಾಸಕ್ಕೆ ನಡೆಯುತ್ತದೆ, ಅದನ್ನು ಬೇಡ ಅಂತ ಸೇರಿಸಿ ಹೇಳಬೇಕು. ಇದನ್ನೆಲ್ಲ ಬುಕ್ ಮಾಡುವಾಗಲೇ ಡ್ರೈವರ್‌ಗೆ ತಿಳಿಸಿದರೆ ಅವರೇ ಫೋನ್ ಮಾಡಿ ಹೇಳಿಡುತ್ತಾರೆ. ಊಟದ ಜಾಗ ಕಾಲ್ಡೆರಾ ಅಂಚಿನಲ್ಲಿ ಬೇಡ. ನೋಟಕ್ಕೂ ಬಿಲ್ ಹಾಕುತ್ತಾರೆ. ಹಳ್ಳಿಯ ತಾವೆರ್ನಾ, ಅಂದರೆ ಸಾದಾ ಊಟದ ಹೋಟೆಲ್, ಸಾಕು. ನಲ್ಲಿ ನೀರು ಕುಡಿಯಬೇಡಿ, ಬಾಟಲಿ ನೀರು ಕಾರಲ್ಲಿ ಇರಲಿ.

ಸಂಜೆ ಪಿರ್ಗೊಸ್, ಓಯಾ ಮರುದಿನ

ಬಹುತೇಕ ಖಾಸಗಿ ಟೂರ್‌ಗಳು ಓಯಾದ ಸೂರ್ಯಾಸ್ತಕ್ಕೆ ಮುಗಿಯುತ್ತವೆ. ನನ್ನ ಸಲಹೆ ಬೇರೆ. ಓಯಾವನ್ನು ದುಡ್ಡು ಕೊಟ್ಟ ಟೂರ್‌ನಿಂದಲೇ ತೆಗೆದುಬಿಡಿ.

ಕಾರಣ ಸರಳ. ಜೂನ್‌ನಲ್ಲಿ ಸೂರ್ಯ ಮುಳುಗುವುದು ಎಂಟೂವರೆ ದಾಟಿದ ಮೇಲೆ. ಒಳ್ಳೆ ಜಾಗ ಬೇಕೆಂದರೆ ಎರಡು ಗಂಟೆ ಮುಂಚೆ ಹೋಗಿ ಹಳೇ ಕೋಟೆಯ ಗೋಡೆ ಹತ್ತಿರ ತಳ ಊರಬೇಕು. ಅಷ್ಟು ಹೊತ್ತೂ ನಿಮ್ಮ ಡ್ರೈವರ್‌ನ ಮೀಟರ್ ಓಡುತ್ತಿರುತ್ತದೆ. ಮುಳುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ಇರುವುದು ಕಿರಿದಾದ ರಸ್ತೆ. ಅದರ ಬದಲು ಪಿರ್ಗೊಸ್ ಗುಡ್ಡದ ತುದಿಯ ಕೋಟೆಗೆ ಹೋಗಿ. ಹತ್ತೊಂಬತ್ತನೇ ಶತಮಾನದ ಮೊದಲವರೆಗೆ ಇದೇ ದ್ವೀಪದ ರಾಜಧಾನಿಯಾಗಿತ್ತು. ಮೇಲಿನಿಂದ ದ್ವೀಪದ ಎರಡೂ ಬದಿ ಕಾಣುತ್ತದೆ. ಹತ್ತಲಾಗದವರು ಇದ್ದರೆ 567 ಮೀಟರ್ ಎತ್ತರದ ಪ್ರೊಫಿತಿಸ್ ಇಲಿಯಾಸ್ ಬೆಟ್ಟಕ್ಕೆ ಕಾರೇ ಹೋಗುತ್ತದೆ. ಅಲ್ಲಿ ಗಾಳಿ ಜೋರು, ಅಮ್ಮನಿಗೆ ಒಂದು ಶಾಲು ಇರಲಿ.

ಓಯಾಗೆ ಮರುದಿನ ಬೆಳಗ್ಗೆ ಏಳಕ್ಕೆ ನೀವೇ ಹೋಗಿ. ಅಲ್ಲಿಯವರ ಬಾಯಲ್ಲಿ ಅದು ಈಯಾ, ಬಸ್ಸಿನಲ್ಲಿ ಕೂಗಿದಾಗ ಗೊತ್ತಿರಲಿ. ಆ ಹೊತ್ತಿಗೆ ಓಣಿಗಳಲ್ಲಿ ಬೆಕ್ಕುಗಳು, ಕಸ ಗುಡಿಸುವವರು, ಉದ್ದ ಸೆರಗಿನ ಗೌನ್ ಹಾರಿಸಿ ಫೋಟೊ ತೆಗೆಸಿಕೊಳ್ಳುವ ಕೆಲವರು, ಇಷ್ಟೇ. ನೀಲಿ ಗುಮ್ಮಟಗಳ ಮುಂದೆ ಸಾಲು ಇರುವುದಿಲ್ಲ. ಯಾರ ಮನೆಯ ಮಾಡಿನ ಮೇಲೂ ಹತ್ತಬೇಡಿ. ಮಂಡಿ ಗಟ್ಟಿ ಇರುವವರು ಕೆಳಗಿನ ಅಮ್ಮೂದಿ ಬಂದರಿಗೆ ಮೆಟ್ಟಿಲಿಳಿದು ಬರಬಹುದು.

ಹಡಗಿನಲ್ಲಿ ಒಂದೇ ದಿನಕ್ಕೆ ಬರುವವರಿಗೆ

ಕ್ರೂಸ್‌ನಲ್ಲಿ ಬರುವವರಿಗೆ ಮೇಲಿನ ಲೆಕ್ಕ ಹೊಂದುವುದಿಲ್ಲ, ಓಯಾವನ್ನೂ ಅದೇ ದಿನ ನೋಡಬೇಕು. ದೊಡ್ಡ ಹಡಗುಗಳು ಕಾಲ್ಡೆರಾದ ನೀರಿನಲ್ಲೇ ನಿಲ್ಲುತ್ತವೆ. ಸಣ್ಣ ದೋಣಿಗಳಲ್ಲಿ ನಿಮ್ಮನ್ನು ಫಿರಾದ ಕೆಳಗಿನ ಹಳೇ ಬಂದರಿಗೆ ತಂದು ಬಿಡುತ್ತಾರೆ. ಅಲ್ಲಿಗೆ ಕಾರು ಬರುವುದಿಲ್ಲ. ಮೇಲೆ ಹೋಗಲು ಕೇಬಲ್ ಕಾರ್, ಇಲ್ಲವೇ 588 ಮೆಟ್ಟಿಲು, ಇಲ್ಲವೇ ಕತ್ತೆ. ಕತ್ತೆ ಬೇಡ ಅನ್ನುವುದು ನನ್ನ ಮಾತು. ಬಿಸಿಲಲ್ಲಿ ದಿನವಿಡೀ ಹೊರುವ ಅವುಗಳ ಪಾಡು ನೋಡಿ ಗಲಾಟೆಯಾಗಿ, 100 ಕೆಜಿಗಿಂತ ಅಥವಾ ಪ್ರಾಣಿಯ ತೂಕದ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಹೊರಿಸಬಾರದು ಅಂತ 2018ರಲ್ಲಿ ಸರ್ಕಾರವೇ ನಿಯಮ ತಂದಿತು. ಅದೇ ಮೆಟ್ಟಿಲಲ್ಲಿ ಅವು ಓಡಾಡುವುದರಿಂದ ನಡೆಯುವವರಿಗೂ ಜಾರುತ್ತದೆ.

ಹಾಗಾಗಿ ಹಡಗಿನಿಂದ ಮೊದಲ ದೋಣಿಯಲ್ಲೇ ಇಳಿಯಿರಿ. ಡ್ರೈವರ್ ಕೇಬಲ್ ಕಾರ್‌ನ ಮೇಲಿನ ನಿಲ್ದಾಣದ ಬಾಗಿಲಿಗೆ ಬರಲಾರರು, ಓಣಿಯಲ್ಲಿ ಸ್ವಲ್ಪ ನಡೆದು ರಸ್ತೆ ಸೇರಬೇಕು. ಎಲ್ಲಿ ಸೇರುವುದು ಅಂತ ಮುಂಚೆಯೇ ಫೋಟೊ ಸಮೇತ ತರಿಸಿಕೊಳ್ಳಿ. ಮೊದಲು ಓಯಾ, ಆಮೇಲೆ ಆಕ್ರೊತಿರಿ, ಸಮಯ ಉಳಿದರೆ ಪಿರ್ಗೊಸ್. ವಾಪಸ್ ಬರುವಾಗ ಕೇಬಲ್ ಕಾರ್‌ಗೆ ಉದ್ದ ಸಾಲು ಇರುತ್ತದೆ. ಕೊನೆಯ ದೋಣಿಗೆ ಎರಡು ಗಂಟೆ ಮುಂಚೆ ಫಿರಾದಲ್ಲಿರಿ. ಸ್ವಂತವಾಗಿ ಬುಕ್ ಮಾಡಿದ ಟೂರ್ ತಡವಾದರೆ ಹಡಗು ಕಾಯುವುದಿಲ್ಲ. ದಿನಕ್ಕೆ 8,000 ಹಡಗು ಪ್ರಯಾಣಿಕರು ಅನ್ನುವ ಮಿತಿ ಇದ್ದರೂ ಈ ಪುಟ್ಟ ಪಟ್ಟಣಕ್ಕೆ ಅದು ಜಾಸ್ತಿಯೇ. 2025ರ ಜುಲೈನಿಂದ ಇಲ್ಲಿ ಇಳಿಯುವ ಹಡಗು ಪ್ರಯಾಣಿಕರಿಗೆ ಶುಲ್ಕವೂ ಬಂದಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಲೆಗೆ 20 ಯೂರೊ, ಏಪ್ರಿಲ್, ಮೇ, ಅಕ್ಟೋಬರ್‌ನಲ್ಲಿ 12. ಇದು ಹಡಗಿನ ಬಿಲ್‌ನಲ್ಲೇ ಸೇರುತ್ತದೆ. ಟೂರ್‌ನವರು ಬೇರೆ ಕೇಳಿದರೆ ಕೊಡಬೇಡಿ.

ಆ ದಿನದ ಸಣ್ಣಪುಟ್ಟ ವಿಷಯ

ಹಳ್ಳಿಯ ಕಲ್ಲುಹಾಸು ನುಣುಪಾಗಿರುತ್ತದೆ, ಹಿಡಿತ ಇರುವ ಶೂ ಹಾಕಿ. ಚರ್ಚುಗಳ ಒಳಗೆ ಹೋಗುವುದಾದರೆ ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಘಾಟಿ ರಸ್ತೆಯಲ್ಲಿ ಮಕ್ಕಳಿಗೆ ವಾಂತಿ ಬರುವುದುಂಟು, ಮಾತ್ರೆ ಊರಿಂದಲೇ ತನ್ನಿ. ಹಿರಿಯರ ಔಷಧಿ ಕಾರಿನ ಡಿಕ್ಕಿಯಲ್ಲಿ ಬೇಡ, ಕೈಚೀಲದಲ್ಲಿರಲಿ.

ಟೂರನ್ನು ದ್ವೀಪಕ್ಕೆ ಕಾಲಿಟ್ಟ ಮೊದಲ ಪೂರ್ತಿ ದಿನಕ್ಕೆ ಇಡಿ. ಗಾಳಿಗೆ ಫೆರಿ ತಡವಾದರೆ ಬದಲಿಸಲು ಆಮೇಲೆ ದಿನ ಉಳಿದಿರುತ್ತದೆ. ಫೆರಿ ಹಿಡಿಯುವ ಅಥಿನಿಯೊಸ್ ಬಂದರಿಗೆ ಅಂಕುಡೊಂಕಾದ ಇಳಿಜಾರು ರಸ್ತೆ, ಹಡಗು ಬರುವ ಹೊತ್ತಿಗೆ ವಾಹನಗಳು ಸಿಕ್ಕಿಕೊಳ್ಳುತ್ತವೆ. ಡ್ರೈವರ್ ನಿಮಗೆ ಇಷ್ಟವಾದರೆ ಹೊರಡುವ ದಿನದ ಬಂದರು ಡ್ರಾಪ್ ಅನ್ನೂ ಅವರಿಗೇ ಹೇಳಿಬಿಡಿ, ಟ್ಯಾಕ್ಸಿ ಹುಡುಕುವ ತಲೆನೋವು ತಪ್ಪುತ್ತದೆ.

ಬಾಕಿ ದುಡ್ಡನ್ನು ಕಾರ್ಡಿನಲ್ಲಿ ಕೊಡಿ, ರಸೀದಿ ಕೇಳಿ ಪಡೆಯಿರಿ. ಟಿಪ್ಸ್ ಕಡ್ಡಾಯ ಇಲ್ಲ. ಸಂತೋಷವಾದರೆ ಗೈಡ್‌ಗೂ ಡ್ರೈವರ್‌ಗೂ ಬೇರೆ ಬೇರೆಯಾಗಿ ನಗದು ಕೊಡಿ. ಒಬ್ಬರ ಕೈಗೆ ಕೊಟ್ಟರೆ ಇನ್ನೊಬ್ಬರಿಗೆ ತಲುಪುತ್ತದೆ ಅಂತ ಹೇಳಲಾಗದು.